ಶೀರ್ಷಾಸನ ಯಾರಿಗೆ, ಎಷ್ಟು, ಹೇಗೆ? : ಒಂದು ಐತಿಹಾಸಿಕ ಅವಲೋಕನ

ಯೋಗಾಸನವೆಂದ ಕೂಡಲೇ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ತಲೆ ಕೆಳಗೆ, ಕಾಲು ಮೇಲೆ. ಶೀರ್ಷಾಸನಕ್ಕೆ ‘ಆಸನಗಳ ರಾಜ’ ಎಂಬ ಬಿರುದೂ ಉಂಟು. ಪಂಡಿತ ಜವಾಹರಲಾಲ್ ನೆಹರೂ ಅವರು ಸೆರೆಮನೆಯಲ್ಲಿದ್ದಾಗಲೂ ಇದನ್ನು ಮಾಡುತ್ತಿದ್ದರೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ತಿಳಿದ ವಿಷಯವೇ ಆಗಿದೆ.

ಬೆಳಗಿನ ಹೊತ್ತು ರವೀಂದ್ರ ಸರೋವರದ ಸುತ್ತ ತಿರುಗಾಡುವ ನಮ್ಮ ಬಂಧುಗಳು ಅಲ್ಲಿ ಎರಡು ಬಗೆಯ ಜನರನ್ನು ಕಂಡಿರಬಹುದು. ಮೊಬೈಲ್ ಫೋನಿನಲ್ಲಿ ನೋಡಿದ್ದನ್ನು ನೆನಪಿಟ್ಟುಕೊಂಡು, ಹುಲ್ಲಿನ ಮೇಲೆ ಟವೆಲ್ ಹಾಸಿ, ಅರವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ತಲೆಕೆಳಗಾಗಿ ನಿಲ್ಲಲು ಹೊರಟವರು ಒಂದು ಬಗೆ. ‘ಬಿ.ಪಿ. ಬಂದಿದೆ ಮಾರಾಯರೆ, ಆಸನಗಳನ್ನೆಲ್ಲ ಬಿಟ್ಟುಬಿಟ್ಟೆ’ ಎಂದು ಬೆಂಚಿನ ಮೇಲೆ ಕುಳಿತು ಬಿಡುವವರು ಇನ್ನೊಂದು ಬಗೆ. ಒಬ್ಬರದು ಅತಿ ಧೈರ್ಯ, ಇನ್ನೊಬ್ಬರದು ಅತಿ ಭಯ. ಆದರೆ ಎರಡರ ಹಿಂದೆಯೂ ಇರುವ ಭಾವನೆ ಒಂದೇ: ಆಸನವೆಂದರೆ ಪುಸ್ತಕದ ಚಿತ್ರದಲ್ಲಿ ಇದ್ದಂತೆಯೇ ಆಗಬೇಕು, ಇಲ್ಲವಾದರೆ ಮಾಡಲೇಬಾರದು ಎಂಬುದು. ಈ ಭಾವನೆ ಸರಿಯೇ? ನಮ್ಮ ಕನ್ನಡ ನಾಡಿನ ಮತ್ತು ನಾವಿರುವ ಈ ಮಹಾನಗರದ ಯೋಗದ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಅರಮನೆಯ ಯೋಗಶಾಲೆ

ಮೈಸೂರು ಅರಮನೆಗೂ ಆಸನಗಳಿಗೂ ಇರುವ ನಂಟು ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಗ್ರಂಥದಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗ ಹಿಡಿದು ಮಾಡುವ ಆಸನಗಳೂ ಇವೆ ಎಂಬುದನ್ನು ಓದುಗರು ಇಲ್ಲಿಯೇ ಗಮನದಲ್ಲಿಡಬೇಕು. ಹಗ್ಗದ ಮಾತು ಮುಂದೆಯೂ ಬರುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1933ರಲ್ಲಿ, ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಅದರ ಆಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು. ‘ಯೋಗ ಮಕರಂದ’ (1934) ಮತ್ತು ‘ಯೋಗಾಸನಗಳು’ (1941) ಎಂಬ ಅವರ ಪುಸ್ತಕಗಳು ಮೊದಲು ಕನ್ನಡದಲ್ಲಿಯೇ ಹೊರಬಂದವು. ಇಂದು ಜಗತ್ತಿನಾದ್ಯಂತ ಹಬ್ಬಿರುವ ಆಸನಪದ್ಧತಿಗಳಲ್ಲಿ ಅನೇಕವು ಈ ಶಾಲೆಯಿಂದ ಹೊರಟವು ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಆದರೆ ಆ ಶಾಲೆಯಲ್ಲಿ ಕಲಿಯುತ್ತಿದ್ದವರು ಯಾರು? ಹೆಚ್ಚಿನವರು ಬೆಳೆಯುವ ವಯಸ್ಸಿನ ಹುಡುಗರು. ಮೂಳೆ ಮೃದು, ಕೀಲು ಸಡಿಲ, ಬಿದ್ದರೂ ಎದ್ದು ನಗುವ ವಯಸ್ಸು. ಅದು ದೇಶದಲ್ಲೆಲ್ಲ ಅಂಗಸಾಧನೆಯ ಉತ್ಸಾಹ ತುಂಬಿದ್ದ ಕಾಲವೂ ಆಗಿತ್ತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನಾವು ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಸೂರ್ಯನಮಸ್ಕಾರವನ್ನೂ ತೂಕ ಎತ್ತುವುದನ್ನೂ ಒಟ್ಟಿಗೆ ಕಲಿಸುತ್ತಿದ್ದುದು ಇದೇ ಕಾಲದಲ್ಲಿ. ಯೋಗವೆಂದರೇನೆಂದು ತಿಳಿಯದ ಜನರನ್ನು ಆಕರ್ಷಿಸಲು ಕೃಷ್ಣಮಾಚಾರ್ಯರು ಶಿಷ್ಯರೊಡನೆ ಊರೂರು ತಿರುಗಿ ಪ್ರದರ್ಶನಗಳನ್ನು ಕೊಟ್ಟರು. ಪ್ರದರ್ಶನವೆಂದ ಮೇಲೆ ನೋಡುವವರು ಬೆರಗಾಗಬೇಕು. ಕಠಿಣವಾದ ಆಸನಗಳೇ ಮುಂದೆ ಬರಬೇಕು. ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿರುವ ‘ಪುಸ್ತಕದ ಚಿತ್ರ’ ಹುಟ್ಟಿದ್ದು ಹೀಗೆ. ಅದು ಆರೋಗ್ಯವಂತ ತರುಣನ ಚಿತ್ರ.

ಆಚಾರ್ಯರಿಗೆ ಈ ವಿವೇಚನೆ ಇರಲಿಲ್ಲವೆಂದು ಹೇಳಲಾಗದು. 1941ರ ಪುಸ್ತಕದಲ್ಲಿ ಅವರು ಆಸನಗಳನ್ನು ಪ್ರಾಥಮಿಕ, ಮಧ್ಯಮ, ಪ್ರವೀಣ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಅದಕ್ಕಿಂತಲೂ ಹಿಂದಿನ ‘ಹಠಯೋಗ ಪ್ರದೀಪಿಕೆ’ಯಲ್ಲಿಯೂ ವಿಪರೀತಕರಣಿಯನ್ನು ಮೊದಲ ದಿನ ಕ್ಷಣಮಾತ್ರ ಮಾಡಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬೇಕೆಂಬ ವಿಧಿ ಇದೆ. ಮೆಟ್ಟಿಲು ಮೆಟ್ಟಿಲಾಗಿ ಏರಬೇಕೆಂಬುದು ನಮ್ಮವರಿಗೆ ಹೊಸ ಮಾತಲ್ಲ.

ಬೆಳ್ಳೂರಿನ ರೋಗಿಷ್ಠ ಹುಡುಗ

ಇದೇ ಯೋಗಶಾಲೆಗೆ 1934ರಲ್ಲಿ ಹದಿನೈದು ವರ್ಷದ ಒಬ್ಬ ಹುಡುಗ ಬಂದ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿಯ ನಡುವೆ ಹುಟ್ಟಿದವನು. ಹೆತ್ತ ತಾಯಿಗೂ ಆಗ ಅದೇ ಜ್ವರ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯ ಮರಣ; ಮುಂದೆ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು. ನಿಂತು ಬಾಗಿದರೆ ಕೈಬೆರಳು ಮೊಣಕಾಲನ್ನೂ ದಾಟುತ್ತಿರಲಿಲ್ಲವೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಕೃಷ್ಣಮಾಚಾರ್ಯರು ಈ ಹುಡುಗನಿಗೆ ಅಕ್ಕನ ಗಂಡ, ಅಂದರೆ ಭಾವ. ಹುಡುಗನೇ ಮುಂದೆ ಜಗದ್ವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರ್.

ಭಾವನವರ ಶಿಸ್ತು ಬಲು ಬಿಗಿ. ಒಮ್ಮೆ ಗಣ್ಯರೊಬ್ಬರ ಎದುರಿನಲ್ಲಿ, ಎರಡು ಕಾಲುಗಳನ್ನೂ ಹಿಂದೆ ಮುಂದೆ ನೆಲಕ್ಕೆ ಚಾಚಿ ಕೂರುವ ಹನುಮಾನಾಸನವನ್ನು ಮಾಡಿ ತೋರಿಸೆಂದು ಆಜ್ಞೆಯಾಯಿತು. ಹುಡುಗನಿಗೆ ಅದರ ಅಭ್ಯಾಸವಿರಲಿಲ್ಲ. ಚಡ್ಡಿ ಬಿಗಿಯೆಂದು ನೆಪ ಹೇಳಿದರೆ, ಕತ್ತರಿ ತರಿಸಿ ಚಡ್ಡಿಯ ಅಂಚನ್ನೇ ಕತ್ತರಿಸಿ ಸಡಿಲ ಮಾಡಲಾಯಿತು. ಆಸನವೇನೋ ಆಯಿತು, ಆದರೆ ತೊಡೆಯ ಹಿಂಭಾಗದ ಸ್ನಾಯು ಹರಿದು ಬಹುಕಾಲ ನಡೆಯುವುದೇ ಕಷ್ಟವಾಯಿತು. ಅಯ್ಯಂಗಾರರು ತಮ್ಮ ಜೀವನದ ಕಥೆಯನ್ನು ಹೇಳುವಾಗ ಈ ಸಂಗತಿಯನ್ನು ಮರೆಮಾಚಲಿಲ್ಲ. ನೋವೆಂದರೇನು, ಗಾಯಗೊಂಡ ದೇಹವೆಂದರೇನು ಎಂಬ ಪಾಠ ಅವರಿಗೆ ಎಳೆಯ ವಯಸ್ಸಿನಲ್ಲೇ ಆಯಿತು.

1936ರಲ್ಲಿ ಗುರುಗಳೊಡನೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಹೋದಾಗ ಬೆಳಗಾವಿಯ ಸರ್ಜನ್ ಡಾ. ವಿ. ಬಿ. ಗೋಖಲೆಯವರು ಈ ತರುಣನ ಆಸನಗಳನ್ನು ನೋಡಿದರು. ನಿವೃತ್ತರಾಗಿ ಪುಣೆಯಲ್ಲಿ ನೆಲಸಿದ ಮೇಲೆ ಅವರೇ ಮುಂದಾಗಿ, 1937ರಲ್ಲಿ ಡೆಕ್ಕನ್ ಜಿಮ್‌ಖಾನಾದಲ್ಲಿ ಕಲಿಸಲು ಅಯ್ಯಂಗಾರರನ್ನು ಕರೆಸಿಕೊಂಡರು. ಮರಾಠಿ ಬಾರದ, ಹದಿನೆಂಟರ ವಯಸ್ಸಿನ, ಪರಸ್ಥಳಕ್ಕೆ ಹೋದ ಕನ್ನಡಿಗನ ಪಾಡನ್ನು ನಾವು ಪ್ರವಾಸಿ ಕನ್ನಡಿಗರು ಚೆನ್ನಾಗಿ ಊಹಿಸಿಕೊಳ್ಳಬಲ್ಲೆವು. ಮುಂದೆ ಡಾ. ಗೋಖಲೆಯವರು ದೇಹರಚನೆಯನ್ನು ವಿವರಿಸುವುದು, ಅಯ್ಯಂಗಾರರು ಆಸನವನ್ನು ಮಾಡಿ ತೋರಿಸುವುದು ಎಂಬ ಕ್ರಮದಲ್ಲಿ ಇಬ್ಬರೂ ಕೂಡಿ ಉಪನ್ಯಾಸಗಳನ್ನು ನಡೆಸಿದರು. ವೈದ್ಯರೂ ಯೋಗಶಿಕ್ಷಕರೂ ಒಂದೇ ವೇದಿಕೆಯಲ್ಲಿ ನಿಂತ ಈ ಘಟನೆಗೆ ನಮ್ಮ ವಿಷಯದಲ್ಲಿ ಬಹಳ ಮಹತ್ವವಿದೆ.

ಕುರ್ಚಿ, ಇಟ್ಟಿಗೆ, ಹಗ್ಗ

ಪುಣೆಯಲ್ಲಿ ಅಯ್ಯಂಗಾರರ ಬಳಿಗೆ ಬಂದವರು ಅರಮನೆಯ ಹುಡುಗರಲ್ಲ. ಬೆನ್ನುನೋವಿನವರು, ಮಂಡಿನೋವಿನವರು, ಉಬ್ಬಸದವರು, ನಿದ್ರೆಯಿಲ್ಲದವರು, ವಯಸ್ಸಾದವರು. ಇವರಿಗೆ ಪುಸ್ತಕದ ಆಸನ ಬಾರದು. ಹಾಗೆಂದು ಹಿಂದಕ್ಕೆ ಕಳುಹಿಸುವಂತೆಯೂ ಇಲ್ಲ. ಹೀಗಿರಲಾಗಿ, ಕೈ ನೆಲಕ್ಕೆ ಮುಟ್ಟದವನ ಕೈಕೆಳಗೆ ಇಟ್ಟಿಗೆ ಬಂತು. ಕಾಲು ಹಿಡಿಯಲಾರದವನಿಗೆ ಪಟ್ಟಿ ಬಂತು. ಬೆನ್ನು ಆನಿಸಲು ಕುರ್ಚಿ, ದಿಂಬು, ಕಂಬಳಿ ಬಂದವು. ಗೋಡೆಯ ಕೊಂಡಿಗೆ ಕಟ್ಟಿದ ಹಗ್ಗದಲ್ಲಿ ಸೊಂಟವನ್ನು ಆನಿಸಿ, ತಲೆಯನ್ನು ನೆಲಕ್ಕೆ ತಾಗಿಸದೆ ತೂಗುವ ಶೀರ್ಷಾಸನವೂ ಬಂತು. ಕುತ್ತಿಗೆಯ ಮೇಲೆ ಒಂದು ತೊಲ ಭಾರವೂ ಬೀಳದ ಶೀರ್ಷಾಸನ! ‘ಶ್ರೀತತ್ತ್ವನಿಧಿ’ಯ ಹಗ್ಗ ಇಲ್ಲಿ ರೋಗಿಯ ಆಸರೆಯಾಗಿ ಮತ್ತೆ ಕಾಣಿಸಿಕೊಂಡಿತೆನ್ನಬಹುದು.

1952ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲು ವಾದಕ ಯೆಹೂದಿ ಮೆನೂಹಿನ್ ಅವರನ್ನು ಅಯ್ಯಂಗಾರರು ಭೇಟಿಯಾದರು. ದಣಿದಿದ್ದ ಅವರಿಗೆ ಮೊದಲು ಮಾಡಿಸಿದ್ದು ಸುಮ್ಮನೆ ಮಲಗುವ ಶವಾಸನ, ಮೆನೂಹಿನ್ ನಿದ್ರೆಹೋದರು. ಆ ದಶಕದ ಕೊನೆಯಲ್ಲಿ ಬೆಲ್ಜಿಯಂನ ರಾಜಮಾತೆ ಎಲಿಜಬೆತ್, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅಯ್ಯಂಗಾರರ ಕೈಯಾಸರೆಯಲ್ಲಿ ಶೀರ್ಷಾಸನ ಮಾಡಿದರು. ಈ ಎರಡನೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮೊದಲನೆಯದನ್ನು ನೆನೆಯುವವರು ಕಡಿಮೆ. ತರುಣನಿಗೆ ಶವಾಸನ, ವೃದ್ಧೆಗೆ ಶೀರ್ಷಾಸನ ಎಂದರೆ ವಯಸ್ಸೊಂದೇ ಅಳತೆಯಲ್ಲವೆಂದಾಯಿತು. ಎದುರಿಗಿರುವ ದೇಹ ಯಾವುದು, ಪಕ್ಕದಲ್ಲಿ ನಿಂತ ಗುರು ಯಾರು ಎಂಬುದೇ ಮುಖ್ಯ.

1966ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಇಂಗ್ಲಿಷ್ ಗ್ರಂಥ ‘ಲೈಟ್ ಆನ್ ಯೋಗ’ದಲ್ಲಿ ಆಸನಗಳ ಭವ್ಯ ಚಿತ್ರಗಳಿಗಿಂತ ಮುಂಚೆಯೇ ಎಚ್ಚರಿಕೆಯ ಸೂಚನೆಗಳಿವೆ. ರಕ್ತದೊತ್ತಡ ಹೆಚ್ಚಿರುವವರು, ತಲೆಸುತ್ತು ಇರುವವರು ಶೀರ್ಷಾಸನ, ಸರ್ವಾಂಗಾಸನಗಳಿಂದ ಆರಂಭಿಸಬಾರದು. ಕಿವಿ ಸೋರುವವರು, ಕಣ್ಣಿನ ರೆಟಿನಾ ಸ್ಥಳ ತಪ್ಪಿದವರು ತಲೆಕೆಳಗಿನ ಆಸನಗಳಿಗೆ ಹೋಗಲೇಬಾರದು ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಪುಸ್ತಕ ಕೊಂಡವರು ಚಿತ್ರಗಳನ್ನು ನೋಡಿದಷ್ಟು ಈ ಪುಟಗಳನ್ನು ನೋಡಲಿಲ್ಲವೆಂದು ತೋರುತ್ತದೆ.

1979ರಲ್ಲಿ, ಅರವತ್ತರ ಅಂಚಿನಲ್ಲಿ, ಅಯ್ಯಂಗಾರರಿಗೆ ಕೆಲವೇ ತಿಂಗಳ ಅಂತರದಲ್ಲಿ ಎರಡು ಸ್ಕೂಟರ್ ಅಪಘಾತಗಳಾದವು. ಬೆನ್ನು, ಭುಜ, ಮಂಡಿಗಳಿಗೆ ಪೆಟ್ಟು. ಲೋಕಕ್ಕೆ ಆಸನ ಕಲಿಸಿದವರು ತಾವೇ ಮೊದಲಿನಿಂದ, ಆಸರೆಗಳನ್ನು ಹಿಡಿದು, ಕಲಿಯಬೇಕಾಯಿತು. ಬಹುಕಾಲದ ಸಾಧನೆಯಿಂದ ಅವರು ಚೇತರಿಸಿಕೊಂಡರು. ಆಸರೆಗಳ ಬಳಕೆಯೂ ಇನ್ನಷ್ಟು ಸೂಕ್ಷ್ಮವಾಯಿತು. 2014ರ ಆಗಸ್ಟ್ 20ರಂದು, 95ನೆಯ ವಯಸ್ಸಿನಲ್ಲಿ, ಅವರು ಪುಣೆಯಲ್ಲಿ ನಿಧನರಾದರು.

ಗುರುಗಳ ಕಥೆಯೂ ಇದಕ್ಕೆ ಹೊರತಲ್ಲ. ಮೈಸೂರಿನ ಯೋಗಶಾಲೆ 1950ರಲ್ಲಿ ಮುಚ್ಚಿಹೋಯಿತು. ಕೃಷ್ಣಮಾಚಾರ್ಯರು ಮದರಾಸಿಗೆ ಹೋಗಿ ನೆಲಸಿದರು. ಅಲ್ಲಿ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿ, ಅವರವರ ಶಕ್ತಿಗೆ ತಕ್ಕಂತೆ ಕಲಿಸುವುದೇ ಅವರ ಕ್ರಮವಾಯಿತು. 96ನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಹಾಸಿಗೆಯಲ್ಲಿ ಮಲಗಿದಂತೆಯೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು. ಅವರು 1989ರಲ್ಲಿ ತೀರಿಕೊಂಡರು. ನಮ್ಮ ನಾಡಿನಲ್ಲಿ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರು ಆಸನಗಳೊಡನೆ ಆಯುರ್ವೇದದ ಔಷಧವನ್ನೂ ಸೇರಿಸಿ ರೋಗಿಗಳಿಗೆ ನೆರವಾದುದನ್ನು ಹಿರಿಯ ಓದುಗರು ಬಲ್ಲರು.

ನಾವಿರುವ ಊರಿನಲ್ಲಿ

ಇನ್ನು ಕೋಲ್ಕತ್ತಕ್ಕೆ ಬರೋಣ. ಮೈಸೂರಿನಲ್ಲಿ ಯೋಗಶಾಲೆ ತೆರೆಯುವುದಕ್ಕೆ ಹತ್ತು ವರ್ಷ ಮುಂಚೆ, 1923ರಲ್ಲಿಯೇ, ಅಂದಿನ ಕಲ್ಕತ್ತದಲ್ಲಿ ಬಿಷ್ಣು ಚರಣ ಘೋಷ್ (1903–1970) ಅವರು ಅಂಗಸಾಧನೆಯ ಕಾಲೇಜೊಂದನ್ನು ಸ್ಥಾಪಿಸಿದರು. ‘ಯೋಗಿಯ ಆತ್ಮಕಥೆ’ ಬರೆದ ಪರಮಹಂಸ ಯೋಗಾನಂದರು ಇವರ ಅಣ್ಣ. ಉತ್ತರ ಕೋಲ್ಕತ್ತದ ಗಡಪಾರ್ ರಸ್ತೆಯ 4ನೆಯ ನಂಬರಿನ ಮನೆ ಇವರ ಕುಟುಂಬದ್ದು. 1935ರಲ್ಲಿ ಯೋಗಾನಂದರು ಮೈಸೂರಿನ ಯುವರಾಜರ ಆಹ್ವಾನದ ಮೇಲೆ ಸಂಸ್ಥಾನದ ಅತಿಥಿಯಾಗಿ ಹೋಗಿ, ಮೈಸೂರು, ಬೆಂಗಳೂರುಗಳಲ್ಲಿ ಉಪನ್ಯಾಸ ಮಾಡಿದ್ದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

ವಂಗಭಂಗದ ಕಾಲದಿಂದಲೂ ಬಂಗಾಳದಲ್ಲಿ ವ್ಯಾಯಾಮ ಸಮಿತಿಗಳ ಸಂಪ್ರದಾಯವಿತ್ತು. ಘೋಷರ ಶಿಷ್ಯರೂ ಮೊದಮೊದಲು ಕಬ್ಬಿಣ ಎತ್ತುವವರೇ. ಅವರಲ್ಲಿ ಒಬ್ಬರಾದ ಮನತೋಷ್ ರಾಯ್ 1951ರಲ್ಲಿ ತಮ್ಮ ವಿಭಾಗದಲ್ಲಿ ‘ಮಿಸ್ಟರ್ ಯೂನಿವರ್ಸ್’ ಆದರು. ಆದರೆ ಬಂಗಾಳಿ ಮನೆಗಳಲ್ಲಿ ಘೋಷರ ಹೆಸರು ಉಳಿದದ್ದು ಚಿಕಿತ್ಸೆಯ ಕಾರಣದಿಂದ. ರೋಗಿಯನ್ನು ವಿಚಾರಿಸಿ, ಅವನ ತೊಂದರೆಗೆ ತಕ್ಕ ಆಸನಗಳನ್ನು ಆರಿಸಿ, ವೈದ್ಯರು ಔಷಧದ ಚೀಟಿ ಬರೆದಂತೆ ಪಟ್ಟಿ ಬರೆದುಕೊಡುವುದು. ಶಿಕ್ಷಕರ ಕಣ್ಣೆದುರಿನಲ್ಲಿಯೇ ಮಾಡಿಸುವುದು. ಪ್ರತಿಯೊಂದು ಆಸನದ ನಂತರ ಶವಾಸನದಲ್ಲಿ ವಿಶ್ರಾಂತಿ ಕೊಡುವುದು. ಇದು ಅವರ ಪದ್ಧತಿ. ಇಬ್ಬರು ರೋಗಿಗಳ ಪಟ್ಟಿ ಒಂದೇ ಆಗಿರಬೇಕೆಂದಿಲ್ಲ. ‘ಐರನ್ ಮ್ಯಾನ್’ ನೀಲಮಣಿ ದಾಸರ ಆಸನದ ಚಾರ್ಟುಗಳು ಬಂಗಾಳಿ ಮನೆಗಳ ಗೋಡೆಗಳಲ್ಲಿ ತೂಗುತ್ತಿದ್ದವು. ಇಂದಿಗೂ ಇಲ್ಲಿನ ನೆರೆಹೊರೆಯವರು ಇದನ್ನು ‘ಯೋಗ ಬ್ಯಾಯಾಮ್’ ಎಂದು ಕರೆಯುವುದನ್ನು ನಾವು ಕೇಳುತ್ತೇವೆ.

ಪುಣೆಯ ಕನ್ನಡಿಗರೂ ಗಡಪಾರಿನ ಬಂಗಾಳಿಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಡೆ ಬಂದು ತಲಪಿದರು: ದೇಹವನ್ನು ನೋಡಿ ಆಸನವನ್ನು ಬದಲಾಯಿಸಬೇಕು.

ವಿಜ್ಞಾನದ ಸಾಕ್ಷಿ

ಆಸನಗಳನ್ನು ಉಪಕರಣಗಳಿಂದ ಅಳೆಯುವ ಕಾರ್ಯವನ್ನು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಆರಂಭಿಸಿದರು. ಎಕ್ಸ್-ರೇ, ರಕ್ತದೊತ್ತಡದ ಯಂತ್ರಗಳನ್ನು ಯೋಗದ ಅಧ್ಯಯನಕ್ಕೆ ಬಳಸಿದವರಲ್ಲಿ ಅವರು ಮೊದಲಿಗರು. ಅಲ್ಲಿಂದೀಚೆಗೆ ತಿಳಿದುಬಂದುದರಲ್ಲಿ ನಮಗೆ ಬೇಕಾದ ಮೂರು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು ಕುತ್ತಿಗೆ. 2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 45 ಮಂದಿ ಅನುಭವಿಗಳು ಶೀರ್ಷಾಸನ ಮಾಡುವಾಗ ತಲೆಯ ಮೇಲೆ ಬೀಳುವ ಭಾರವನ್ನು ಅಳೆದರು. ಅದು ಗರಿಷ್ಠವಾಗಿ ದೇಹದ ತೂಕದ ನೂರಕ್ಕೆ 40ರಿಂದ 48ರಷ್ಟಿತ್ತು. 60 ಕಿಲೋ ತೂಕದವರ ಲೆಕ್ಕ ಹಾಕಿದರೆ 24ರಿಂದ 29 ಕಿಲೋ. ಸಾಧಾರಣವಾಗಿ ಸುಮಾರು 5 ಕಿಲೋ ತೂಕದ ತಲೆಯನ್ನಷ್ಟೇ ಹೊರುವ ಕುತ್ತಿಗೆಯ ಏಳು ಮೂಳೆಗಳಿಗೆ ಇದು ಐದಾರು ಪಟ್ಟು ಹೊರೆ. ಹತ್ತಾರು ವರ್ಷ ಫೈಲುಗಳ ಮೇಲೆ ಬಗ್ಗಿ ಕುಳಿತು ಕುತ್ತಿಗೆ ಸವೆದಿರುವ ನಮ್ಮಂತಹ ಗುಮಾಸ್ತರು ಈ ಅಂಕಿಗಳನ್ನು ಮರೆಯಬಾರದು.

ಎರಡನೆಯದು ಕಣ್ಣು. ಚೆನ್ನೈನಲ್ಲಿ 75 ಮಂದಿ ಯೋಗಾಭ್ಯಾಸಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೀರ್ಷಾಸನದಲ್ಲಿರುವಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತ ಕಣ್ಣು ಇದನ್ನು ತಡೆದೀತು. ಗ್ಲಾಕೋಮಾ ಇರುವ ಕಣ್ಣಿಗೆ ಇದು ಅಪಾಯ. ಈ ರೋಗ ನೋವಿಲ್ಲದೆ ಬಂದು ದೃಷ್ಟಿಯನ್ನು ಕಸಿಯುವುದರಿಂದ, ತಮಗೆ ಅದಿದೆಯೆಂದೇ ಅನೇಕರಿಗೆ ತಿಳಿದಿರುವುದಿಲ್ಲ.

ಮೂರನೆಯದು ರಕ್ತದೊತ್ತಡ. ಶಾಲೆಯಲ್ಲಿ ಓದಿದ ದ್ರವಗಳ ಒತ್ತಡದ ನಿಯಮವನ್ನು ನೆನಪಿಸಿಕೊಂಡರೆ ಸಾಕು. ಹೃದಯಕ್ಕಿಂತ 30 ಸೆಂಟಿಮೀಟರ್ ಕೆಳಗಿರುವ ಭಾಗದಲ್ಲಿ ರಕ್ತದ ಒತ್ತಡ ಪಾದರಸದ 20 ಮಿಲಿಮೀಟರಿಗೂ ಹೆಚ್ಚಾಗಿ ಏರುತ್ತದೆ. ನಿಂತಾಗ ತಲೆ ಹೃದಯಕ್ಕಿಂತ ಮೇಲಿರುತ್ತದೆ, ಶೀರ್ಷಾಸನದಲ್ಲಿ ಕೆಳಗೆ. ಮೊದಲೇ 160 ಇದ್ದವರಿಗೆ ತಲೆಯ ಭಾಗದಲ್ಲಿ ಅದು ಎಷ್ಟಾಗಬಹುದೆಂದು ಓದುಗರೇ ಕೂಡಿಸಿಕೊಳ್ಳಲಿ. ಎಳೆಯ ರಕ್ತನಾಳಗಳು ಇದನ್ನು ಸರಿದೂಗಿಸುತ್ತವೆ. ಗಡುಸಾದ ನಾಳಗಳಿಗೆ ಅದು ಕಷ್ಟ.

ಆದರೆ ಬಿ.ಪಿ. ಇರುವವರು ಯೋಗವನ್ನೇ ಬಿಡಬೇಕೆಂದು ಇದರ ಅರ್ಥವಲ್ಲ. ಮುಂಬಯಿಯ ಹೃದ್ರೋಗತಜ್ಞ ಡಾ. ಕೆ. ಕೆ. ದಾತೆ ಮತ್ತು ಅವರ ಸಂಗಡಿಗರು 47 ಮಂದಿ ರಕ್ತದೊತ್ತಡದ ರೋಗಿಗಳಿಗೆ ದಿನಕ್ಕೆ ಅರ್ಧ ಗಂಟೆ ಶವಾಸನ ಮಾಡಿಸಿ, ಅನೇಕರಲ್ಲಿ ಒತ್ತಡ ತಗ್ಗಿದುದನ್ನು 1969ರಲ್ಲಿಯೇ ಪ್ರಕಟಿಸಿದ್ದಾರೆ. ಆಸನಗಳ ರಾಜ ಕೂಡದಿದ್ದವರಿಗೆ, ನೆಲದ ಮೇಲೆ ಸುಮ್ಮನೆ ಮಲಗುವ ಈ ಬಡ ಆಸನ ನೆರವಾಯಿತು. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಕೂಡದು.

ನಮಗೆ ಬೇಕಾದ ಪಾಠ

ಹಾಗಾದರೆ ಶೀರ್ಷಾಸನದಿಂದ ದೂರವಿರಬೇಕಾದವರು ಯಾರು? ಹತೋಟಿಗೆ ಬಾರದ ರಕ್ತದೊತ್ತಡ, ಹೃದ್ರೋಗ, ಹಿಂದೆ ಪಾರ್ಶ್ವವಾಯು ಆಗಿರುವುದು, ಗ್ಲಾಕೋಮಾ ಅಥವಾ ರೆಟಿನಾದ ತೊಂದರೆ, ಕುತ್ತಿಗೆಯ ಮೂಳೆ ಸವೆತ ಅಥವಾ ಡಿಸ್ಕ್ ಜರುಗುವಿಕೆ, ಮೂಳೆ ಟೊಳ್ಳಾಗಿರುವುದು, ಕಿವಿಯ ಸೋಂಕು, ತಲೆಸುತ್ತು ಇವುಗಳಲ್ಲಿ ಯಾವುದಿದ್ದರೂ ಬೇಡ. ಗರ್ಭಿಣಿಯರು ಹೊಸದಾಗಿ ಆರಂಭಿಸಬಾರದು. ನಲವತ್ತು ದಾಟಿದವರು ಕಲಿಯಬೇಕೆಂದಿದ್ದರೆ ಮೊದಲು ಕಣ್ಣಿನ ಒತ್ತಡ, ರಕ್ತದೊತ್ತಡ ಪರೀಕ್ಷಿಸಿಕೊಂಡು, ನುರಿತ ಶಿಕ್ಷಕರ ಬಳಿಯೇ ಕಲಿಯಬೇಕು. ಗೋಡೆಯ ಆಸರೆ ಇರಲಿ. ಕೆಳಗೆ ಮಡಿಸಿದ ಕಂಬಳಿ ಇರಲಿ. ಮೊಸಾಯಿಕ್ ನೆಲದ ಮೇಲೆ ಜಾರುವ ಚಾಪೆ ಬೇಡ. ಭಾರ ಮೊಣಕೈಗಳ ಮೇಲೆ ಬೀಳಬೇಕು. ಕಾಲನ್ನು ಒದ್ದು ಹಾರಿಸಬಾರದು. ಕೈ ಜೋಮು ಹಿಡಿಯುವುದು, ಕಣ್ಣು ಮಂಜಾಗುವುದು, ತಲೆ ಸಿಡಿಯುವುದು, ಎದೆ ಬಿಗಿಯುವುದು ಇವುಗಳಲ್ಲಿ ಒಂದು ಕಂಡರೂ ಕೂಡಲೇ ಇಳಿದು, ವೈದ್ಯರಿಗೆ ತೋರಿಸಬೇಕು.

ಮಾಡಲಾಗದವರಿಗೆ ಬದಲಿಗಳಿವೆ. ಕುರ್ಚಿಯ ಬೆನ್ನನ್ನೋ ಕಿಟಕಿಯ ಕಟ್ಟೆಯನ್ನೋ ಹಿಡಿದು, ಬೆನ್ನು ನೆಲಕ್ಕೆ ಸಮಾಂತರವಾಗುವಷ್ಟೇ ಬಾಗುವ ಅರ್ಧ ಉತ್ತಾನಾಸನದಲ್ಲಿ ತಲೆ ಹೃದಯಕ್ಕಿಂತ ಕೆಳಗೆ ಹೋಗುವುದಿಲ್ಲ. ಬೆನ್ನು, ಕಾಲುಗಳಿಗೆ ಎಳೆತ ಸಿಗುತ್ತದೆ. ಮಂಚದ ಪಕ್ಕ ನೆಲದಲ್ಲಿ ಮಲಗಿ ಮೀನಖಂಡಗಳನ್ನು ಮಂಚದ ಮೇಲಿಟ್ಟುಕೊಂಡರೆ ದಿನವಿಡೀ ಬಸ್ಸು, ಮೆಟ್ರೋಗಳಲ್ಲಿ ನಿಂತ ಕಾಲುಗಳಿಗೆ ವಿಶ್ರಾಂತಿ. ಮಂಡಿನೋವಿನವರು ಕುರ್ಚಿಯ ಮೇಲೆ ನೆಟ್ಟಗೆ ಕುಳಿತೇ ಪ್ರಾಣಾಯಾಮ ಮಾಡಬಹುದು. ಉಸಿರನ್ನು ಬಲವಂತವಾಗಿ ಕಟ್ಟಿ ಹಿಡಿಯಬಾರದು. ತಲೆಯ ಕೆಳಗೆ ತೆಳುವಾದ ದಿಂಬಿಟ್ಟ ಶವಾಸನ ಬಹುಮಟ್ಟಿಗೆ ಎಲ್ಲರಿಗೂ ಸಲ್ಲುತ್ತದೆ.

ಊರಿನಿಂದ ಬಂದು ನಮ್ಮೊಡನಿರುವ ತಂದೆತಾಯಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅವರಿಗೆ ಇಲ್ಲಿನ ಭಾಷೆ ಬಾರದು. ಉದ್ಯಾನದ ಗುಂಪಿನ ಶಿಕ್ಷಕರು ಬಂಗಾಳಿಯಲ್ಲಿ ಹೇಳುವ ‘ಇದನ್ನು ನೀವು ಮಾಡಬೇಡಿ’ ಎಂಬ ಮಾತು ಅರ್ಥವಾಗದೆ, ಪಕ್ಕದವರನ್ನು ನೋಡಿ ಹಾಗೆಯೇ ಮಾಡಿಬಿಡುವ ಸಂಭವವುಂಟು. ಮೊದಲ ದಿನ ಮಕ್ಕಳಾದ ನಾವೇ ಜೊತೆಗೆ ಹೋಗಿ, ಅವರು ಹಾಕಿಕೊಳ್ಳುವ ಕಣ್ಣಿನ ಔಷಧವನ್ನೂ ನುಂಗುವ ಮಾತ್ರೆಗಳನ್ನೂ ಶಿಕ್ಷಕರಿಗೆ ತಿಳಿಸಿ ಬರುವುದು ಕರ್ತವ್ಯ. ಇದಕ್ಕೆ ಬೇಕಾಗುವುದು ಒಂದು ಬೆಳಗಿನ ಅರ್ಧ ಗಂಟೆ ಮಾತ್ರ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನಾವು ಹಣದ ವಿಷಯಕ್ಕೆ ಬಳಸುತ್ತೇವೆ. ಆಸನದ ವಿಷಯಕ್ಕೂ ಅದು ಅಷ್ಟೇ ಒಪ್ಪುತ್ತದೆ. ಮುಚುಕುಂದಪುರದ ಗುರು, ಬೆಳ್ಳೂರಿನ ಶಿಷ್ಯ ಇಬ್ಬರೂ ನಮ್ಮವರೆಂದು ಅಭಿಮಾನಪಡುವಾಗ, ಅವರ ತಾರುಣ್ಯದ ಚಿತ್ರಗಳ ಜೊತೆಗೆ ಮುರಿದ ಸೊಂಟದಲ್ಲಿಯೂ ಪೆಟ್ಟಾದ ಬೆನ್ನಿನಲ್ಲಿಯೂ ಅವರು ಮಾಡಿದ ಅಭ್ಯಾಸವನ್ನೂ ನೆನೆಯೋಣ. ಬೆಂಚಿನ ಮೇಲೆ ಕುಳಿತುಬಿಟ್ಟವರು ನಾಳೆಯಿಂದ ಶವಾಸನವನ್ನಾದರೂ ಆರಂಭಿಸಲಿ; ಟವೆಲ್ ಹಾಸಿದವರು ಮೊದಲು ವೈದ್ಯರನ್ನು ಕಂಡು ಬರಲಿ.